ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ: ಬೇಟೆ ಪರವಾನಗಿಯ ಬಗ್ಗೆ ಮಾಜಿ ಸೈನಿಕರಿಗೊಂದು ಬಹಿರಂಗ ಪತ್ರ

ಮುದ್ದೇನಹಳ್ಳಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಮಾಜಿ ಸೈನಿಕ ಬಂಧುಗಳೇ,

ಊರಿನಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವವರಿಗಿಂತ ‘ಮಿಲ್ಟ್ರಿಯೋರು’ ಎಂದು ಕರೆಯುವವರೇ ಹೆಚ್ಚು. ಆ ಕರೆಯಲ್ಲಿ ಮರ್ಯಾದೆಯಿದೆ, ಜೊತೆಗೆ ನಿರೀಕ್ಷೆಯೂ ಇದೆ. ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಬೇಕು ಎಂದಾಗ ಜನ ನಿಮ್ಮ ಮುಖ ನೋಡುತ್ತಾರೆ. ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗಿದಾಗಲೂ ನೋಡುತ್ತಾರೆ. ಅತ್ತ ಅಮೆರಿಕದ ಹಲವು ರಾಜ್ಯಗಳು ಮಾಜಿ ಸೈನಿಕರಿಗೆ, ಅದರಲ್ಲೂ ಸೇವೆಯಲ್ಲಿ ಅಂಗವಿಕಲರಾದವರಿಗೆ, ಬೇಟೆಯ ಪರವಾನಗಿಯನ್ನು ಉಚಿತವಾಗಿಯೋ ಕಡಿಮೆ ದರಕ್ಕೋ ಕೊಡುತ್ತವೆ. ನಮ್ಮಲ್ಲೂ ಹಾಗೆ ಕೊಟ್ಟರೇನು ಎಂಬ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ. ನಿಮ್ಮ ಕೈಗೆ ಬಂದೂಕು ಹೊಸದಲ್ಲ, ನಮ್ಮ ಹೊಲಗಳಿಗೆ ಹಂದಿ ಹೊಸದಲ್ಲ. ಎರಡನ್ನೂ ಕೂಡಿಸಿದರೆ ಸೈನಿಕರಿಗೆ ಗೌರವವೂ ಆಯಿತು, ರೈತರಿಗೆ ನೆಮ್ಮದಿಯೂ ಆಯಿತು. ಮೇಲುನೋಟಕ್ಕೆ ಲೆಕ್ಕ ಸರಿಯಾಗಿಯೇ ಇದೆ. ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ಹೇಳುವುದಕ್ಕಾಗಿ ಈ ಪತ್ರ. ಸರ್ಕಾರ ನಾಳೆ ಇಂಥ ಪರವಾನಗಿಯನ್ನು ತಟ್ಟೆಯಲ್ಲಿಟ್ಟು ತಂದರೂ ನೀವು ಅದನ್ನು ಗೌರವವೆಂದು ಸ್ವೀಕರಿಸಬಾರದು ಎಂಬುದು ನನ್ನ ವಾದ. ಬಂದೂಕಿನ ಮೇಲಾಗಲಿ ನಿಮ್ಮ ಮೇಲಾಗಲಿ ನನಗೆ ತಕರಾರಿಲ್ಲ. ಕೊಡುವವರು ತಮ್ಮ ಜೇಬಿನಿಂದ ಏನನ್ನೂ ತೆಗೆಯದೆ ಮಾಡುವ ಸನ್ಮಾನದ ಮೇಲೆ ತಕರಾರಿದೆ.

ಮೊದಲು ಕಾನೂನಿನ ವಿಷಯ. ಬೇಟೆಯ ಪರವಾನಗಿ ಎಂಬ ಕಾಗದ ಭಾರತದಲ್ಲಿ ಇವತ್ತು ಇಲ್ಲವೇ ಇಲ್ಲ. ಹಿಂದೆ ಇತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆಗೂ ಮೀನು ಹಿಡಿಯುವುದಕ್ಕೂ ಕಟ್ಟುಪಾಡು ಹಾಕುವ ರೆಗ್ಯುಲೇಷನ್ ತಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಮೊದಮೊದಲು ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ವಿಂಗಡಿಸಿ ಪರವಾನಗಿ ಕೊಡಲು ಅವಕಾಶ ಇಟ್ಟುಕೊಂಡಿತ್ತು. 1991ರ ತಿದ್ದುಪಡಿ ಆ ಕಲಮುಗಳನ್ನು ಕಿತ್ತುಹಾಕಿತು. ಈಗ ಉಳಿದಿರುವುದು ಮುಖ್ಯವಾಗಿ 11ನೇ ಕಲಮಿನ ಕಿರುದಾರಿ: ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಪಾಯ ತಂದಿದೆ ಎಂದು, ಕೆಲವು ಪ್ರಾಣಿಗಳ ವಿಷಯದಲ್ಲಿ ನಿಂತ ಬೆಳೆಗೆ ಅಪಾಯ ತಂದಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಖಾತ್ರಿಯಾದರೆ, ಕಾರಣ ಬರೆದು, ಜಾಗ ಗುರುತಿಸಿ, ಅದನ್ನು ಕೊಲ್ಲಲು ಲಿಖಿತ ಆದೇಶ ಕೊಡಬಹುದು. ಹಾಗೆ ಕೊಂದ ಪ್ರಾಣಿ ಸರ್ಕಾರದ ಸ್ವತ್ತು. ಬಾಡೂಟಕ್ಕೆ ಅದು ಬರುವುದಿಲ್ಲ. 2022ರ ತಿದ್ದುಪಡಿಯಾದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ನಮ್ಮ ಟೊಮೆಟೊ, ದ್ರಾಕ್ಷಿ ತೋಟಗಳಿಗೆ ಇಳಿಯುವ ನವಿಲು ಮೊದಲನೇ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ನಿವೃತ್ತಿಯ ನಂತರದ ಸನ್ನಡತೆಯೂ ಸೇನಾ ಪಿಂಚಣಿಯ ಅಂತರ್ಗತ ಷರತ್ತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯುಗಾದಿಯ ಮಾರನೆಯ ದಿನದ ಮೊಲದ ಬೇಟೆ ಹಿರಿಯರ ಕಾಲದಿಂದ ಬಂದದ್ದಲ್ಲವೇ ಎಂದು ಕೇಳುವವರಿದ್ದಾರೆ. ಇರಬಹುದು, ಕಾಯ್ದೆ ಪದ್ಧತಿಗೆ ರಿಯಾಯಿತಿ ಇಟ್ಟಿಲ್ಲ, ಯಾರ ಸಮವಸ್ತ್ರಕ್ಕೂ ಇಟ್ಟಿಲ್ಲ.

ಹಾಗಾದರೆ ಕಾಯ್ದೆಯನ್ನೇ ಬದಲಿಸಲಿ, ಅಮೆರಿಕದವರಿಗೆ ಆಗುವುದು ನಮಗೇಕೆ ಆಗದು ಎನ್ನಬಹುದು. ಅಲ್ಲಿನ ಪರವಾನಗಿಯ ಹಿಂದಿರುವ ಏರ್ಪಾಟನ್ನು ನೋಡದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. 1937ರಲ್ಲಿ ಅಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಎಂಬ ಕಾಯ್ದೆ ಬಂತು. ಉದ್ದ ನಳಿಗೆಯ ಬಂದೂಕು, ತೋಟಾಗಳ ಮೇಲೆ ಶೇ 11ರಷ್ಟು ತೆರಿಗೆ ಹಾಕಿ, ಆ ಹಣವನ್ನು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹಂಚುತ್ತಾರೆ. ಯಾವ ರಾಜ್ಯಕ್ಕೆ ಎಷ್ಟು ಎಂದು ನಿರ್ಧರಿಸುವಾಗ ರಾಜ್ಯದ ವಿಸ್ತೀರ್ಣದ ಜೊತೆಗೆ ಹಣ ಕೊಟ್ಟು ಪರವಾನಗಿ ಪಡೆದ ಬೇಟೆಗಾರರ ಸಂಖ್ಯೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಪರವಾನಗಿಯ ಶುಲ್ಕವೂ ಅದೇ ಇಲಾಖೆಗೆ ಸೇರುತ್ತದೆ. ಯಾವ ಪ್ರಾಣಿಯನ್ನು ಯಾವ ತಿಂಗಳಲ್ಲಿ ಎಷ್ಟು ಹೊಡೆಯಬಹುದು ಎಂಬುದು ಎಣಿಕೆಯ ಮೇಲೆ ನಿಗದಿಯಾಗುತ್ತದೆ. ಅಂಥ ಕಡೆ ರಾಜ್ಯವೊಂದು ಮಾಜಿ ಸೈನಿಕರಿಗೆ ಪರವಾನಗಿಯನ್ನು ಉಚಿತವಾಗಿ ಕೊಟ್ಟಾಗ ತನಗೆ ಬರಬೇಕಾದ ಆದಾಯವನ್ನು ಬಿಟ್ಟುಕೊಟ್ಟಂತೆ. ಅದು ನಿಜವಾದ ಉಡುಗೊರೆ. ಕೊಟ್ಟವರ ಖಜಾನೆಗೆ ಅದರ ಬಿಸಿ ತಟ್ಟುತ್ತದೆ. ನಮ್ಮಲ್ಲಿ ಬೇಟೆಯಿಂದ ಸರ್ಕಾರಕ್ಕೆ ಬರುವ ಆದಾಯವೇ ಇಲ್ಲವಾದ್ದರಿಂದ ಬಿಟ್ಟುಕೊಡಲು ಏನೂ ಇಲ್ಲ. ಇಲ್ಲಿ ‘ಉಚಿತ’ ಎಂದರೆ ಖಜಾನೆಗೆ ಉಚಿತ. ಅದರ ಬೆಲೆಯನ್ನು ಪಕ್ಕದ ಹೊಲದವರು, ಬೆಟ್ಟದ ಬುಡದ ಪ್ರಾಣಿಗಳು, ಕೊನೆಗೆ ಕೋರ್ಟಿಗೆ ಅಲೆಯುವ ನೀವು ತೆರಬೇಕು. ಯಾರದೋ ದುಡ್ಡಿನಲ್ಲಿ ಯಲ್ಲಮ್ಮನ ಜಾತ್ರೆ ಎನ್ನುವುದು ಇದಕ್ಕೇ.

ಬೆಳೆ ಕಾಯಲು ಬಂದೂಕು ಹಂಚುವುದು ಹೊಸ ಉಪಾಯವೂ ಅಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶ ಹೆಚ್ಚು ಆಹಾರ ಬೆಳೆಯಬೇಕಾಗಿದ್ದಾಗ ಬೆಳೆ ರಕ್ಷಣೆಯ ಹೆಸರಿನಲ್ಲಿ ಕೋವಿಗಳನ್ನು ಧಾರಾಳವಾಗಿ ಕೊಟ್ಟರು. ಅದೇ ಕಾಲಕ್ಕೆ ಜೀಪು, ಸ್ಪಾಟ್‌ಲೈಟುಗಳೂ ಬಂದವು. ಹೊಲ ಕಾಯಬೇಕಿದ್ದ ಕೋವಿಗಳು ಕಾಡಿನೊಳಗೆ ಹೋದದ್ದನ್ನು ಇ.ಪಿ. ಗೀ ಅವರಂಥ ಅಂದಿನ ವನ್ಯಜೀವಿ ಬರಹಗಾರರು ದಾಖಲಿಸಿದ್ದಾರೆ. ಅದರ ಪರಿಣಾಮ ನೋಡಲು ದೂರ ಹೋಗಬೇಕಾಗಿಲ್ಲ. ಗೌರಿಬಿದನೂರು ದಾಟಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋದರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಸಿಗುತ್ತದೆ. ಬಯಲುಸೀಮೆಯ ಉದ್ದಗಲಕ್ಕೂ ಹಿಂಡುಹಿಂಡಾಗಿ ಓಡಾಡುತ್ತಿದ್ದ ಪ್ರಾಣಿ ಈ ಭಾಗದಲ್ಲಿ ಸುಮಾರು 800 ಎಕರೆಯ ಆ ಹುಲ್ಲುಗಾವಲಿಗೂ ಸುತ್ತಲಿನ ಹೊಲಗಳಿಗೂ ಬಂದು ನಿಂತಿದೆ. ಹುಲ್ಲುಗಾವಲು ಉಳುಮೆಗೆ ಹೋದದ್ದು ಅದಕ್ಕೆ ದೊಡ್ಡ ಕಾರಣ, ಒಪ್ಪುತ್ತೇನೆ. ಕೋವಿಯ ಪಾಲೂ ಸಣ್ಣದಲ್ಲ. ಬೆಳೆ ರಕ್ಷಣೆಯ ಕಲಮು ಇವತ್ತಿಗೂ ಬದುಕಿದೆ: 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ನಿಜವಾದ ಬೆಳೆ ರಕ್ಷಣೆಗಾಗಿ ಮದ್ದು ತುಂಬಿ ಹೊಡೆಯುವ ಹಳೇ ಕಾಲದ ಕೋವಿಗೆ ಪರವಾನಗಿ ಕೊಡಲು ದಾರಿ ಬಿಟ್ಟಿದೆ. ಕೋವಿ ಇಟ್ಟುಕೊಳ್ಳಲು ಸಿಗುವ ಅನುಮತಿ ಪ್ರಾಣಿಯನ್ನು ಕೊಲ್ಲುವ ಅನುಮತಿಯಾಗುವುದಿಲ್ಲ. ಗಾಳಿಗೆ ಗುಂಡು ಹಾರಿಸಿ ಓಡಿಸುವುದಕ್ಕೂ ಎದೆಗೆ ಗುರಿಯಿಡುವುದಕ್ಕೂ ನಡುವೆ ಇನ್ನೊಂದು ಇಲಾಖೆ, ಇನ್ನೊಂದು ಕಾಯ್ದೆ ನಿಂತಿವೆ.

ಇಲ್ಲಿಗೆ ಬರುವಷ್ಟರಲ್ಲಿ ಕೊಡಗಿನ ಮಾತು ಬಂದೇ ಬರುತ್ತದೆ. ಕೊಡವರಿಗೆ ಲೈಸೆನ್ಸೇ ಬೇಡ, ನಾವು ದೇಶಕ್ಕಾಗಿ ದುಡಿದರೂ ಠಾಣೆ, ಡಿಸಿ ಕಚೇರಿ ಎಂದು ಅಲೆಯಬೇಕು, ಇದು ಯಾವ ನ್ಯಾಯ? ಕೇಳುವಂಥ ಪ್ರಶ್ನೆಯೇ. ಆದರೆ ಆ ವಿನಾಯಿತಿ ಸೇನಾ ಸೇವೆಗೆ ಸಿಕ್ಕಿದ್ದಲ್ಲ. ಬ್ರಿಟಿಷರ ಕಾಲದಿಂದ ಬಂದದ್ದನ್ನು ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಮುಂದುವರಿಸಿಕೊಂಡು ಬಂದಿದ್ದಾರೆ. ಕೊಡವ ಜನಾಂಗದವರಿಗೆ, ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಅದು ಅನ್ವಯಿಸುತ್ತದೆ. ಕೋವಿ ಅಲ್ಲಿ ಮನೆತನದ ಮೂಲಮನೆಯಾದ ಐನ್‌ಮನೆಯ ಪೂಜೆಯಲ್ಲಿದೆ, ಕೈಲ್‌ಪೊಳ್ದ್ ಹಬ್ಬದಲ್ಲಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಊರಾದ್ದರಿಂದ ಸೇನೆಗೂ ಕೋವಿಗೂ ನಂಟು ಹಾಕುವುದು ನಮಗೆ ರೂಢಿಯಾಗಿದೆ, ಅಷ್ಟೆ. ಈ ವಿನಾಯಿತಿಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವರು ಸೇನೆಯಿಂದ ನಿವೃತ್ತರಾದ ಒಬ್ಬ ಕ್ಯಾಪ್ಟನ್ ಎಂಬುದನ್ನೂ ಗಮನಿಸಿ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಅದು 2029ರ ಅಕ್ಟೋಬರ್‌ವರೆಗಿನ ಕಾಲಮಿತಿಯದ್ದು ಎಂಬುದನ್ನೂ ಪರಿಗಣಿಸಿತು. ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ. ವನ್ಯಜೀವಿ ಕಾಯ್ದೆಯಿಂದ ಕೊಡವರಿಗೂ ವಿನಾಯಿತಿಯಿಲ್ಲ. ಲೈಸೆನ್ಸ್ ಬೇಡದ ಕೋವಿಯಿಂದ ಹಂದಿ ಹೊಡೆದರೂ ಮೊಕದ್ದಮೆ ಅದೇ.

ಇನ್ನು ನಮ್ಮ ಹೊಲಗಳಿಗೆ ಬರೋಣ, ಪ್ರಶ್ನೆ ನಿರ್ಧಾರವಾಗುವುದು ಅಲ್ಲೇ. ಹಂದಿಯ ಕಾಟ ಕಟ್ಟುಕಥೆಯಲ್ಲ. ಕಡಲೆಕಾಯಿ ಕಾಯಿ ಕಟ್ಟುವ ಹೊತ್ತಿಗೆ, ಆಲೂಗಡ್ಡೆ ಗೆಡ್ಡೆ ಕೂರುವ ಹೊತ್ತಿಗೆ, ಗೌರಿಬಿದನೂರಿನ ಕಡೆ ಮುಸುಕಿನ ಜೋಳ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಬರುತ್ತದೆ. ತಿನ್ನುವುದು ಕಾಲುಪಾಲಾದರೆ ಮೂತಿಯಿಂದ ಉತ್ತು ಕೆಡಿಸುವುದು ಮುಕ್ಕಾಲುಪಾಲು. ಬೇಲಿಗೆ ಹಳೇ ಸೀರೆ ಸುತ್ತಿ, ಅಟ್ಟಣೆ ಕಟ್ಟಿ, ಪಟಾಕಿ ಸಿಡಿಸಿ ಸೋತವರಿಗೆ ‘ಪ್ರಾಣಿದಯೆ’ಯ ಉಪದೇಶ ಮಾಡುವುದು ಅಧಿಕಪ್ರಸಂಗ. ಆದರೆ ಹಂದಿ ಬರುವುದು ರಾತ್ರಿ. ನಮ್ಮ ಸೀಮೆಯಲ್ಲಿ ರಾತ್ರಿ ಹೊಲದಲ್ಲಿ ಹಂದಿಯೊಂದೇ ಇರುವುದಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಿದ್ದ ವಾರ ಹಿಪ್ಪುನೇರಳೆ ತೋಟದ ಸಾಲಿನೊಳಗೆ ಬಗ್ಗಿಕೊಂಡು ವಾಲ್ವ್ ತಿರುಗಿಸುವವರು ಇರುತ್ತಾರೆ. ಮಾರ್ಕೆಟ್ ತಪ್ಪಬಾರದೆಂದು ನಸುಕಿಗೇ ಹೂವು ಕೀಳಲು ಹೋಗುವ ಹೆಣ್ಣುಮಕ್ಕಳು ಇರುತ್ತಾರೆ. ರೇಷ್ಮೆಹುಳು ನಾಲ್ಕನೇ ಜ್ವರ ಎದ್ದು ಕೊನೆಯ ಹಂತಕ್ಕೆ ಬಂದಿದ್ದರೆ ಅದರ ಹಸಿವಿಗೆ ಹೊತ್ತುಗೊತ್ತಿಲ್ಲ; ಸೊಪ್ಪು ತರಲು ತೋಟಕ್ಕೆ ಹೋಗಲೇಬೇಕು. ಹಿಡುವಳಿಗಳನ್ನು ಎಕರೆ, ಗುಂಟೆಗಳಲ್ಲಿ ಎಣಿಸುವ ಸೀಮೆ ಇದು. ಒಬ್ಬರ ಬದುವಿನಿಂದ ಇನ್ನೊಬ್ಬರ ತೋಟದ ಮನೆಗೆ ಕೂಗಳತೆ ದೂರ. ಹನ್ನೆರಡು ಬೋರಿನ ಕೋವಿಯ ನಂಬಿಕಸ್ಥ ಗುರಿ ಮೂವತ್ತು ನಲವತ್ತು ಮೀಟರು. ಅದರಾಚೆ ಚದುರಿದ ಎಸ್‌ಜಿ ಎಂಬ ದಪ್ಪ ಚರೆಗಳು ನೂರಾರು ಮೀಟರು ಹಾರುತ್ತವೆ. ರೈಫಲ್ಲಿನ ಮಾತಂತೂ ಕಿಲೋಮೀಟರುಗಳ ಲೆಕ್ಕ. ಟಾರ್ಚಿನ ಬೆಳಕಿಗೆ ಮಿನುಗಿದ ಕಣ್ಣು ಹಂದಿಯದೋ, ಕಟ್ಟು ಬಿಚ್ಚಿಕೊಂಡ ಹಸುವಿನದೋ ಎಂದು ತೀರ್ಮಾನಿಸಲು ಸಿಗುವ ಸಮಯ ಎರಡು ಉಸಿರಿನಷ್ಟು. ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಗೊತ್ತಿಲ್ಲದೆ ಕುದುರೆ ಎಳೆಯಬಾರದೆಂದು ನಿಮಗೆ ಕಲಿಸಿದ್ದಾರೆ. ಫೈರಿಂಗ್ ರೇಂಜಿನ ಹಿಂದೆ ಮಣ್ಣಿನ ದಿಬ್ಬ ಇರುತ್ತದೆ. ಚಿಂತಾಮಣಿಯ ಟೊಮೆಟೊ ತೋಟದ ಹಿಂದೆ ಇನ್ನೊಂದು ಟೊಮೆಟೊ ತೋಟ ಇರುತ್ತದೆ.

ತರಬೇತಿ ಇಲ್ಲದವರಿಗೆ ಈ ಮಾತು ಹೇಳಿ, ಹದಿನೈದು ಇಪ್ಪತ್ತು ವರ್ಷ ಆಯುಧ ಹಿಡಿದವರಿಗೆ ಹೇಳಬೇಡಿ ಎಂದು ನೀವು ಅನ್ನಬಹುದು. ನನ್ನ ವಾದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಗಟ್ಟಿಯಾದದ್ದು ಇದೇ. ಬೆಳೆ ಉಳಿಸಲು ಕೆಲವು ಹಂದಿಗಳನ್ನು ಹೊಡೆಯಲೇಬೇಕು ಎಂದಾದರೆ, ನಾಡಬಂದೂಕು ಹಿಡಿದ ಹುಡುಗರಿಗಿಂತ, ಚಿರತೆಯನ್ನೂ ಬಲಿ ತೆಗೆದುಕೊಳ್ಳುವ ಉರುಳಿಗಿಂತ, ಬೇಲಿಗೆ ಕಳ್ಳಕರೆಂಟು ಕೊಡುವವರಿಗಿಂತ ನೀವು ಸಾವಿರ ಪಾಲು ಮೇಲು. ಇದನ್ನು ಒಪ್ಪಿದ ಕೂಡಲೇ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಸೇನೆಯಲ್ಲಿ ರೈಫಲ್ ಯಾರ ಸ್ವಂತದ್ದೂ ಅಲ್ಲ. ಕೋತ್ ಎಂಬ ಶಸ್ತ್ರಾಗಾರದಿಂದ ಸಹಿ ಹಾಕಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಒರೆಸಿ ವಾಪಸು ಕೊಡಬೇಕು, ರೇಂಜಿನಲ್ಲಿ ಹಾರಿದ ಪ್ರತಿ ಗುಂಡಿಗೂ ಖಾಲಿ ಖೋಕಾ ಹುಡುಕಿ ಲೆಕ್ಕ ಒಪ್ಪಿಸಬೇಕು. ಒಂದು ಖೋಕಾ ಕಡಿಮೆಯಾದರೆ ಸಂಜೆಯಾದರೂ ಹುಲ್ಲಿನಲ್ಲಿ ಹುಡುಕಾಟ ನಿಲ್ಲುವುದಿಲ್ಲ. ನಿಮ್ಮ ಮೇಲಿನ ಜನರ ನಂಬಿಕೆ ಬೆಳೆದದ್ದು ಆದೇಶ, ಲೆಕ್ಕ, ಹೊಣೆ ಎಂಬ ಈ ಕಟ್ಟಿನೊಳಗೆ. ನಮ್ಮಲ್ಲಿ ಕೇಳುತ್ತಿರುವ ಬೇಟೆಯ ಪರವಾನಗಿಯಲ್ಲಿ ಈ ಮೂರೂ ಇರುವುದಿಲ್ಲ. ಯಾವಾಗ, ಎಲ್ಲಿ, ಎಷ್ಟು ಎಂಬುದನ್ನು ಹಿಡಿದವರ ಮರ್ಜಿಗೆ ಬಿಟ್ಟರೆ ನಿಮ್ಮ ತರಬೇತಿಯ ಅರ್ಧ ಬಲ ಅಲ್ಲೇ ಹೋಯಿತು. (ಕ್ಯಾಂಟೀನಿನ ರಮ್ಮಿಗೂ ತಿಂಗಳಿಗಿಷ್ಟು ಎಂಬ ಕೋಟಾ ಇಟ್ಟಿರುವ ಸೇನೆ ನಿಮ್ಮದು.) ಹಂದಿ ಹೊಡೆಯುವುದು ಅನಿವಾರ್ಯವಾದರೆ ಅದು ಡ್ಯೂಟಿಯಾಗಲಿ: 11ನೇ ಕಲಮಿನಡಿ ಲಿಖಿತ ಆದೇಶ, ಗುರುತಿಸಿದ ಸರ್ವೆ ನಂಬರು, ಜನರಿಗೆ ಮೊದಲೇ ಸೂಚನೆ, ಅಂದು ಆ ವಿದ್ಯುತ್ ಫೀಡರಿನ ಪಾಳಿ ಬದಲಾವಣೆ, ಜೊತೆಗೆ ಅರಣ್ಯ ಇಲಾಖೆಯ ಸಿಬ್ಬಂದಿ, ಹೋದವರಿಗೆ ಕೂಲಿ ಮತ್ತು ವಿಮೆ.

ಇದು ಗಾಳಿಯಲ್ಲಿ ಕಟ್ಟಿದ ಮಾತಲ್ಲ. ಕಾಡುಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದು ಘೋಷಿಸಲು ಕೇಂದ್ರ ಒಪ್ಪದಿದ್ದಾಗ ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಗೌರವ ವನ್ಯಜೀವಿ ಪರಿಪಾಲಕರ ಅಧಿಕಾರ ಕೊಟ್ಟಿತು. ಲೈಸೆನ್ಸ್ ಇರುವ ಕೋವಿಗಾರರ ಪಟ್ಟಿ ಮಾಡಿ, ಆದೇಶದ ಮೇಲೆ ಹೊಡೆಸಿ, ಗೌರವಧನ ಕೊಟ್ಟು, ಸತ್ತ ಹಂದಿಯನ್ನು ಹೂಳಿಸುವ ಏರ್ಪಾಟು ಅದು. ತಮಿಳುನಾಡು ಈ ಕೆಲಸವನ್ನು ಅರಣ್ಯ ಇಲಾಖೆಯ ಕೈಯಲ್ಲೇ ಇಟ್ಟುಕೊಂಡು, ಕಾಡಿನಿಂದ ಎಷ್ಟು ದೂರ ಎಂಬುದರ ಮೇಲೆ ಬೇರೆ ಬೇರೆ ನಿಯಮ ಮಾಡಿತು. ಬಿಹಾರದ ಮೊಕಾಮಾದಲ್ಲಿ 2016ರಲ್ಲಿ ನೀಲಗಾಯ್ ಹೊಡೆಯಲು ಹೈದರಾಬಾದಿನಿಂದ ಗುರಿಕಾರರನ್ನು ಕರೆಸಿದ್ದರು. ಇಬ್ಬರು ಕೇಂದ್ರ ಸಚಿವರೇ ಪರಸ್ಪರ ಕಿತ್ತಾಡುವಷ್ಟು ಅದು ರಂಪವಾಯಿತು. ಹೊರಗಿನ ಗುರಿಕಾರರನ್ನು ಕರೆಸುವ ಬದಲು ಜಿಲ್ಲೆಯ ಮಾಜಿ ಸೈನಿಕರ ಪಟ್ಟಿಯಿಂದ ಆರಿಸಿ ಎಂದು ನೀವು ಒತ್ತಾಯಿಸಿದರೆ ನನ್ನ ದನಿಯೂ ಜೊತೆಗಿರುತ್ತದೆ. ಆಗಲೂ ಒಂದು ಎಚ್ಚರ ಇರಲಿ. ಯುರೋಪಿನಲ್ಲಿ ಬೇಟೆಗಾರರು ವರ್ಷ ವರ್ಷವೂ ಲಕ್ಷಗಟ್ಟಲೆ ಕಾಡುಹಂದಿ ಹೊಡೆಯುತ್ತಾರೆ, ಜರ್ಮನಿಯೊಂದರಲ್ಲೇ ಹಲವು ಲಕ್ಷ. ಆದರೂ ಹಲವು ದಶಕಗಳಿಂದ ಅಲ್ಲಿ ಹಂದಿಗಳ ಸಂಖ್ಯೆ ಏರುತ್ತಲೇ ಬಂದಿದೆ. ನಾಲ್ಕು ತಿಂಗಳೊಳಗೆ ಗಬ್ಬ ಮುಗಿಸಿ ಒಂದೊಂದು ಸೂಲಿಗೆ ನಾಲ್ಕಾರು ಮರಿ ಹಾಕುವ, ಮೇವು ಹೆಚ್ಚಿದಷ್ಟೂ ಹೆಚ್ಚುವ ಪ್ರಾಣಿಯನ್ನು ಕೆಲವರ ಬಿಡುವಿನ ಬೇಟೆ ಹಿಡಿತಕ್ಕೆ ತರಲಾರದು. ಬೆಳೆ ಉಳಿಯುವುದು ಬೇಲಿಯಿಂದ, ಊರಂಚಿನ ತಿಪ್ಪೆ ಮತ್ತು ಕೋಳಿಫಾರಂ ಕಸದ ವಿಲೇವಾರಿಯಿಂದ, ತಡವಿಲ್ಲದ ಪರಿಹಾರದಿಂದ. ಕೋವಿ ಕೊನೆಯ ಸಾಲಿನ ಸಾಧನ.

ಹೇಳಲು ಮುಜುಗರವಾಗುವ ಇನ್ನೊಂದು ಮಾತಿದೆ, ಆದರೂ ಹೇಳಬೇಕು. ಬೇಟೆಯ ಪರವಾನಗಿ ಎಂದರೆ ಮನೆಯ ಮೂಲೆಯಲ್ಲಿ ಒಂದು ಕೋವಿ. ಆತ್ಮಹತ್ಯೆಗೆ ಶರಣಾದ ಅಮೆರಿಕದ ಮಾಜಿ ಸೈನಿಕರಲ್ಲಿ ಹತ್ತಕ್ಕೆ ಏಳರಷ್ಟು ಮಂದಿ ಬಳಸಿದ್ದು ಬಂದೂಕನ್ನು ಎಂದು ಅಲ್ಲಿನ ಸರ್ಕಾರದ ವಾರ್ಷಿಕ ವರದಿಗಳೇ ಹೇಳುತ್ತವೆ. ನಮ್ಮ ಪರಿಸ್ಥಿತಿ ಅದೇ ಎನ್ನುತ್ತಿಲ್ಲ. ಸಾಲ, ನಿದ್ದೆಗೇಡು, ಊರಿಗೆ ಮರಳಿದ ಮೇಲಿನ ಒಂಟಿತನ ಯಾವ ದೇಶದವರನ್ನೂ ಬಿಟ್ಟಿಲ್ಲ. ಸನ್ಮಾನದ ಹೆಸರಿನಲ್ಲಿ ಪ್ರತಿ ಮನೆಗೂ ಒಂದು ಕೋವಿ ಸೇರಿಸುವ ಮುನ್ನ ಆ ಅಂಕಿಯನ್ನು ನೋಡಬೇಕು.

ಈಗ ಗೌರವದ ವಿಷಯ. ಕರ್ನಾಟಕ ಭೂಮಂಜೂರಾತಿ ನಿಯಮಗಳು, 1969, ಓದಿ ನೋಡಿ. ಹಂಚಿಕೆಗೆ ಲಭ್ಯವಿರುವ ಸರ್ಕಾರಿ ಜಮೀನಿನಲ್ಲಿ ಶೇ 10ರಷ್ಟು ಮಾಜಿ ಸೈನಿಕರಿಗೂ ಸೈನಿಕರಿಗೂ ಮೀಸಲು. ರಾಜ್ಯದ ನೇರ ನೇಮಕಾತಿಯಲ್ಲೂ ಶೇ 10ರ ಮೀಸಲಾತಿಯಿದೆ. ಇವು ಯಾರೋ ವೇದಿಕೆಯ ಮೇಲೆ ಆಡಿದ ಭರವಸೆಗಳಲ್ಲ, ಗೆಜೆಟ್ಟಿನಲ್ಲಿ ಅಚ್ಚಾದ ನಿಯಮಗಳು. ಜಮೀನಿನ ಅರ್ಜಿ ಹಿಡಿದು ತಾಲ್ಲೂಕು ಕಚೇರಿ, ಉಪವಿಭಾಗಾಧಿಕಾರಿ ಕಚೇರಿ ಎಂದು ಅಲೆದವರ ಪಾಡನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆಯ ಗುಂಟೆಗೂ ಬಂಗಾರದ ಬೆಲೆ ಬಂದಿದೆ. ಗೋಮಾಳ ಕೊಡುವುದೆಂದರೆ ಸರ್ಕಾರಕ್ಕೂ ಈಗ ಕೈ ನಡುಗುತ್ತದೆ. ಭೂಮಿ ದುಬಾರಿಯಾದಷ್ಟೂ ಶಾಲು, ಹಾರ, ಪುಕ್ಕಟೆ ಪರವಾನಗಿಗಳಂಥ ಖರ್ಚಿಲ್ಲದ ಗೌರವಗಳ ಮೇಲೆ ಆಳುವವರಿಗೆ ಪ್ರೀತಿ ಹೆಚ್ಚುತ್ತದೆ. ಬೇಟೆಯ ಪರವಾನಗಿಯನ್ನು ನೀವು ಒಪ್ಪಿಕೊಂಡರೆ ಮಾಜಿ ಸೈನಿಕರಿಗೆ ಏನಾದರೂ ಮಾಡಿದೆವು ಎಂಬ ಖಾತೆಗೆ ಒಂದು ಸಾಲು ಸೇರುತ್ತದೆ, ಶೇ 10ರ ಸಾಲು ಹಾಗೆಯೇ ಬಾಕಿ ಉಳಿಯುತ್ತದೆ. ಎರಡನ್ನೂ ಕೇಳಬಹುದಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಕೇಳಬಹುದು, ಆದರೆ ಕಚೇರಿಗಳು ಸುಲಭದ್ದನ್ನು ಮೊದಲು ಮುಗಿಸುತ್ತವೆ, ಕಷ್ಟದ್ದನ್ನು ಮುಂದಿನ ಸಭೆಗೆ ಇಡುತ್ತವೆ.

ಆಯುಧದ ಅನುಭವಕ್ಕೇ ಬೆಲೆ ಬೇಕು ಎನ್ನುವುದಾದರೆ ಅದಕ್ಕೂ ಸರಿಯಾದ ದಾರಿಯಿದೆ. ಬ್ಯಾಂಕಿನ ಮುಂದೆ, ನಗದು ಸಾಗಿಸುವ ವಾಹನದಲ್ಲಿ ಗನ್‌ಮ್ಯಾನ್ ಆಗಿ ದುಡಿಯುವ ನಿವೃತ್ತ ಸೈನಿಕರಿಗೆ ಲೈಸೆನ್ಸ್ ಎಂದರೆ ಅನ್ನ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಸೇನೆಯಲ್ಲಿದ್ದವರಿಗೆ ಆದ್ಯತೆ ಕೊಡಬಹುದು ಎನ್ನುತ್ತದೆ. ಲೈಸೆನ್ಸ್ ಸಿಗಲು ತಿಂಗಳುಗಟ್ಟಲೆ ಕಾಯಬೇಕು, ಸಿಕ್ಕರೂ ಅದರ ವ್ಯಾಪ್ತಿ ಹಲವು ಸಲ ಜಿಲ್ಲೆಯ ಅಥವಾ ರಾಜ್ಯದ ಗಡಿ ದಾಟುವುದಿಲ್ಲ, ಚುನಾವಣೆ ಬಂದಾಗ ವಿನಾಯಿತಿ ಸಿಗದವರು ಠಾಣೆಗೆ ಕೋವಿ ಜಮೆ ಮಾಡಿ ಅಷ್ಟು ದಿನ ಕೆಲಸ ಬಿಡಬೇಕು. ಶುಲ್ಕ ವಿನಾಯಿತಿ, ಬೇಗ ವಿಲೇವಾರಿ, ವ್ಯಾಪ್ತಿ ವಿಸ್ತರಣೆ ಕೇಳುವುದಿದ್ದರೆ ಇವರಿಗಾಗಿ ಕೇಳಿ. ಹವ್ಯಾಸಕ್ಕಿಂತ ಹೊಟ್ಟೆಪಾಡಿನ ಲೈಸೆನ್ಸು ದೊಡ್ಡದು.

ಇದಕ್ಕಿಂತ ದೊಡ್ಡ ಅವಕಾಶವೊಂದನ್ನು ನಮ್ಮ ರಾಜ್ಯ ಈವರೆಗೆ ಕೈಗೆತ್ತಿಕೊಂಡಿಲ್ಲ. 1982ರ ಡಿಸೆಂಬರಿನಲ್ಲಿ ಡೆಹ್ರಾಡೂನಿನಲ್ಲಿ ಪ್ರಾದೇಶಿಕ ಸೇನೆಯ ಒಂದು ಬೆಟಾಲಿಯನ್ ಕಟ್ಟಿದರು, 127ನೇ ಇನ್‌ಫೆಂಟ್ರಿ ಬೆಟಾಲಿಯನ್, ಗಢವಾಲ್ ರೈಫಲ್ಸ್. ಅದರ ಜವಾನರು ಹೆಚ್ಚಾಗಿ ಮಾಜಿ ಸೈನಿಕರು. ಅವರ ಕೆಲಸ ಮರ ನೆಡುವುದು. ಸುಣ್ಣಕಲ್ಲು ಗಣಿಗಾರಿಕೆಯಿಂದ ಬೋಳಾಗಿದ್ದ ಮಸ್ಸೂರಿಯ ಬೆಟ್ಟಗಳಲ್ಲಿ ಮತ್ತೆ ಹಸಿರು ಎಬ್ಬಿಸಿದ್ದು ಅವರು. ಮರುವರ್ಷ ಬಿಕಾನೇರಿನ ಮರಳುಗಾಡಿನಲ್ಲಿ, ಇಂದಿರಾ ಗಾಂಧಿ ಕಾಲುವೆಯ ಬದಿಯಲ್ಲಿ ಮರ ಬೆಳೆಸಲು ಇನ್ನೊಂದು ಬೆಟಾಲಿಯನ್ ನಿಂತಿತು. ಆಮೇಲೆ ಮಹಾರಾಷ್ಟ್ರದ ಮರಾಠವಾಡಕ್ಕೂ ಒಂದು ಬಂತು. ಸಮವಸ್ತ್ರ, ಸಂಬಳ, ಆದೇಶ ಎಲ್ಲವೂ ಇರುವ ಕೆಲಸ. ಹುಲಿ ಸಂರಕ್ಷಿತ ಪ್ರದೇಶಗಳ ಕಳ್ಳಬೇಟೆ ತಡೆ ದಳಗಳಲ್ಲೂ ಮಾಜಿ ಸೈನಿಕರನ್ನು ತೊಡಗಿಸಲು ಕೇಂದ್ರದ ನೆರವಿದೆ. ಈಗ ನಮ್ಮ ಜಿಲ್ಲೆಯನ್ನು ನೋಡಿ. ನಂದಿ, ಸ್ಕಂದಗಿರಿ, ಚನ್ನಕೇಶವ ಬೆಟ್ಟ, ಕೈವಾರದ ಸಾಲು: ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ಹುಟ್ಟುವ ಸೀಮೆ ಇದು. ಅದರ ಸುತ್ತಲೂ ಕಲ್ಲು ಕ್ವಾರಿ, ಜಲ್ಲಿ ಕ್ರಷರುಗಳು. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತದ್ದು ಇದೇ ಬೆಟ್ಟಗಾಡಿನಲ್ಲಿ. ಬೇಸಿಗೆ ಬಂದರೆ ಗುಡ್ಡಗಳಿಗೆ ಬೆಂಕಿ. ಬೆಟ್ಟದಲ್ಲಿ ಮೇವೂ ನೀರೂ ತೀರಿದಷ್ಟೂ ಪ್ರಾಣಿಗಳು ಕೆಳಗಿಳಿಯುತ್ತವೆ. ಹಂದಿ ಬೆಟ್ಟದಿಂದ ಇಳಿದ ಮೇಲೆ ಹೊಡೆಯುವ ಕೆಲಸಕ್ಕಿಂತ, ಅದು ಇಳಿಯದಂತೆ ಬೆಟ್ಟವನ್ನು ಕಾಯುವ ಕೆಲಸಕ್ಕೆ ನಿಮ್ಮ ಅನುಭವ ಹೆಚ್ಚು ಬೇಕಾಗಿದೆ. ಮಸ್ಸೂರಿಗೆ ಸಿಕ್ಕಂಥ ಪಡೆ ನಂದಿಗೆ ಯಾಕೆ ಸಿಗಬಾರದು ಎಂದು ರಾಜ್ಯ ಸರ್ಕಾರದ ಮೂಲಕ ಕೇಂದ್ರವನ್ನು ಕೇಳಲು ನಿಮ್ಮಷ್ಟು ಅಧಿಕಾರ ಇನ್ನಾರಿಗೂ ಇಲ್ಲ.

ಆದ್ದರಿಂದ ಒಂದು ಸಲಹೆ. ಮುಂದಿನ ಸಾರಿ ಮನವಿ ಪತ್ರ ಬರೆಯುವಾಗ ಬೇಟೆಯ ವಿಷಯ ಬಿಟ್ಟುಬಿಡಿ. ಬದಲಿಗೆ ನಾಲ್ಕೂ ತಾಲ್ಲೂಕು ಕಚೇರಿಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಹೋಬಳಿವಾರು ಕೇಳಿ: 1969ರ ನಿಯಮದಂತೆ ಮಾಜಿ ಸೈನಿಕರಿಗೆಂದು ಇದುವರೆಗೆ ಎಷ್ಟು ಎಕರೆ ಗುರುತಿಸಿದ್ದೀರಿ, ಸರ್ವೆ ನಂಬರ್ ಯಾವುವು, ಎಷ್ಟನ್ನು ಮಂಜೂರು ಮಾಡಿದ್ದೀರಿ, ಬಾಕಿ ಅರ್ಜಿಗಳು ಎಷ್ಟು, ಯಾವ ವರ್ಷದಿಂದ ಬಾಕಿ. ಮೂವತ್ತು ದಿನದೊಳಗೆ ಅವರು ಉತ್ತರ ಕೊಡಬೇಕು. ಬಂದ ಉತ್ತರಗಳನ್ನು ಲಗತ್ತಿಸಿ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವ ದಿನ ನಮ್ಮಂಥ ಊರಿನವರನ್ನೂ ಕರೆಯಿರಿ, ಬರುತ್ತೇವೆ.

ಇಂತಿ,
ಮುದ್ದೇನಹಳ್ಳಿಯಿಂದ ನಿಮ್ಮ ಹಿತೈಷಿ